ದೊರಿನೆಲ್‌ನ ಟೀವಿಯಲ್ಲಿ ಸಫ್ತಾಳ ದನಿ

ವೆತುರಿಯಾ ಪಾಸ್ಕಾರುಗೆ ಐದು ತಿಂಗಳ ಸಂಬಳ ಬರಬೇಕಿದೆ. ಈ ಕತೆ ನೀವು ಓದಿ ಮುಗಿಸಿದ ಮೇಲೂ ಬರಬೇಕಾಗಿಯೇ ಇರುತ್ತದೆ. ಮೊದಲೇ ಹೇಳಿಬಿಡುವುದು ವಾಸಿ. ನಡುವೆ ಎಲ್ಲಾದರೂ ಅವಳು ಗೆದ್ದಂತೆ ಕಂಡರೆ ಚಪ್ಪಾಳೆಗೆ ಅವಸರ ಮಾಡಬೇಡಿ.

ಅವಳು ಹೊಲಿದದ್ದು ಕಾಲರು. ಸಿರೆತ್ ಹೊಳೆ ದಂಡೆಯ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬರೀ ಕಾಲರು. ತೋಳು ಒಬ್ಬಳದು, ಜೇಬು ಇನ್ನೊಬ್ಬಳದು, ಕಾಲರು ವೆತುರಿಯಾಳದು. ಎದುರು ಬಂದವರ ಮುಖಕ್ಕಿಂತ ಮೊದಲು ಕತ್ತು ನೋಡುವುದು ಅವಳ ಚಾಳಿ. ಮಾವ ಸತ್ತಾಗ ಹೆಣದ ಮೇಲೆ ಬಾಗಿ ಅತ್ತವರೆಲ್ಲ ಎದ್ದು ಹೋದ ಮೇಲೆ ಅವಳೂ ಬಾಗಿದಳು. ಅಳುವುದಕ್ಕಲ್ಲ, ಒಳಕ್ಕೆ ಮಡಚಿಕೊಂಡಿದ್ದ ಕಾಲರು ಸರಿಮಾಡುವುದಕ್ಕೆ. ಕೆಲಸದ ಹೊತ್ತಿನಲ್ಲಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತಿದ್ದಳು. ಮೂವತ್ತು ವರ್ಷ ಬಾಯಲ್ಲಿ ಸೂಜಿ ಇಟ್ಟುಕೊಂಡವಳಿಗೆ ಮಾತು ಕಡಿಮೆಯಾಗದೆ ಇನ್ನೇನಾಗುತ್ತದೆ? ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಕಿರುಚುವಾಗ ಅವಳು ಮೂಲೆಯಲ್ಲಿ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದಳು. ಆ ಮೌನವೇ ಆ ಬೇಸಿಗೆಯಲ್ಲಿ ಅವಳ ಕುತ್ತಿಗೆಗೆ ಬಂತು.

ಸರ್ಕಾರದ ಕಾಲದಲ್ಲಿ ಸಿಪಾಯಿಗಳ ಕೋಟು ಹೊಲಿಯುತ್ತಿದ್ದ ಕಾರ್ಖಾನೆ ಅದು. ಆಮೇಲೆ ಒಬ್ಬ ಧಣಿಯ ಕೈಗೆ ಬಿತ್ತು. ಹೊರದೇಶದ ಅಂಗಡಿಗಳಿಗೆ ಜಾಕೆಟ್ಟು ಹೋಗತೊಡಗಿತು. ಚಳಿಗಾಲಕ್ಕೆ ಸಂಬಳ ನಿಂತಿತು. ಧಣಿ "ಬರೋ ವಾರ" ಅಂದ. ಬರೋ ವಾರವೂ ಬರೋ ವಾರ ಅಂದ. ಈಸ್ಟರಿಗೆ ಒಬ್ಬೊಬ್ಬಳ ಕೈಗೂ ಒಂದು ಬಾಟಲಿ ಎಣ್ಣೆ, ಒಂದು ಸಿಹಿ ಬ್ರೆಡ್ಡು ಕೊಟ್ಟು, ಹಬ್ಬ ಚೆನ್ನಾಗಿ ಮಾಡಿ ಎಂದು ಹರಸಿ ಕಳಿಸಿದ. ಹಬ್ಬ ಮುಗಿಸಿ ಬಂದರೆ ಗೇಟಿಗೆ ಬೀಗ.

ಒಳಗೆ ಉಳಿದದ್ದು ಯಂತ್ರಗಳು. ಕೋರ್ಟು ಅವುಗಳನ್ನು ಹರಾಜು ಹಾಕಿದರೆ ಸಂಬಳ ಹುಟ್ಟುತ್ತದೆ. ಅದಕ್ಕೆ ಮೊದಲೇ ಧಣಿ ಸಾಗಿಸಿಬಿಟ್ಟರೆ ಏನೂ ಹುಟ್ಟುವುದಿಲ್ಲ. ಇದರಲ್ಲಿ ತಿಳಿಯದಿರುವಂಥದ್ದು ಏನೂ ಇಲ್ಲ, ವಕೀಲರೂ ಬೇಕಾಗಿಲ್ಲ. ಹೆಂಗಸರು ಪಾಳಿ ಹಾಕಿಕೊಂಡು ಗೇಟಿನ ಮುಂದೆ ಕೂತರು.

ಅವರ ಸಭೆ ನಡೆಯುತ್ತಿದ್ದದ್ದು ವೆತುರಿಯಾ ಇದ್ದ ಕಟ್ಟಡದಲ್ಲೇ, ನೆಲಮಹಡಿಯ ಬಟ್ಟೆಕೋಣೆಯಲ್ಲಿ. ಚಳಿಗಾಲದಲ್ಲಿ ಎಲ್ಲರೂ ಒದ್ದೆ ಬಟ್ಟೆ ಹರವುವ ಕೋಣೆ ಅದು. ಬೇಸಿಗೆಯಲ್ಲಿ ಸೈಕಲ್ಲು, ಉಪ್ಪಿನಕಾಯಿ ಪೀಪಾಯಿ ಇಡುತ್ತಾರೆ. ಬೀಗದಕೈ ಕೊಟ್ಟವನು ದೊರಿನೆಲ್. ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು, ಈಗ ಅವರ ಮೆಟ್ಟಿಲಿಗೆ ಮೇಲ್ವಿಚಾರಕ. ಒಂದು ಮೆಟ್ಟಿಲು ಹಂಚಿಕೊಂಡ ಇಷ್ಟೂ ಮನೆಗಳಿಗೆ ನೀರಿನ ಮೀಟರು ಓದುವವನು, ದೀಪ ಬದಲಿಸುವವನು, ಜಗಳ ಬಿಡಿಸುವವನು. ನಾಲ್ಕನೇ ಮಹಡಿಯಲ್ಲಿ, ವೆತುರಿಯಾಳ ಮನೆಯ ನೆತ್ತಿಯ ಮೇಲೆಯೇ ಅವನ ಮನೆ. ಅವಳ ಮಗಳಿಗೆ ದೀಕ್ಷಾಸ್ನಾನದ ದಿನ ತೋಳಲ್ಲಿ ಎತ್ತಿ ಹಿಡಿದು ಹೆಸರಿಟ್ಟವನೂ ಅವನೇ. ಹಾಗೆ ಮಗು ಎತ್ತಿದವನಿಗೂ ಮಗುವಿನ ಅಪ್ಪ ಅಮ್ಮನಿಗೂ ಹುಟ್ಟುವ ನಂಟಿಗೆ ಅಲ್ಲಿ ಬೇರೆ ಹೆಸರಿದೆ: ಗಂಡಸಾದರೆ ಕುಮಾತ್ರು, ಹೆಂಗಸಾದರೆ ಕುಮಾತ್ರಾ. ರಕ್ತಕ್ಕಿಂತ ಗಟ್ಟಿ ಎನ್ನುತ್ತಾರೆ. ಆ ಮಗಳು ಈಗ ಕೊನ್‌ಸ್ತಾನ್ತ್ಸಾ ಬಂದರಿನಲ್ಲಿ ಕ್ರೇನು ಓಡಿಸುತ್ತಾಳೆ.

ಇಡೀ ಮೆಟ್ಟಿಲಿಗೆ ಇಂಟರ್ನೆಟ್ಟಿನ ಲೈನೂ ಒಂದೇ. ದೊರಿನೆಲ್‌ನ ಹೆಸರಲ್ಲಿ ಬಂದು, ಅವನ ಮನೆಯ ಡಬ್ಬಿಯಿಂದ ಮಹಡಿ ಮಹಡಿಗೆ ತಂತಿಯಲ್ಲಿ ಇಳಿದು, ಎಲ್ಲರ ಮನೆಗೂ ವೈಫೈಯಾಗಿ ಹರಡುತ್ತಿತ್ತು. ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಗುಪ್ತಪದ ಕೆಳಗಿನ ಬೋರ್ಡಿನಲ್ಲಿ, ನೀರಿನ ಬಿಲ್ಲಿನ ಪಕ್ಕದಲ್ಲಿ ಬರೆದಿತ್ತು. ಹಾಗಾಗಿ ಮೆಟ್ಟಿಲಿನ ಅಷ್ಟೂ ಟೀವಿಗಳು ಅಷ್ಟೂ ಫೋನುಗಳಿಗೆ ಕಾಣುತ್ತಿದ್ದವು, ಒಂದೇ ಮನೆಯವು ಎಂಬಂತೆ. ಫೋನಿನಲ್ಲಿ ಹಾಡು ಹುಡುಕಿ ಟೀವಿಯ ಹೆಸರು ಒತ್ತಿದರೆ ಆ ಟೀವಿಯಲ್ಲಿ ಹಾಡುತ್ತದೆ. ಜನವರಿಯಲ್ಲಿ ಪಾದ್ರಿ ಮನೆಮನೆಗೆ ತೀರ್ಥ ಚಿಮುಕಿಸಲು ಬಂದಿದ್ದಾಗ ವೆತುರಿಯಾ ಗಂಡನಿಗೆಂದು ಕುಣಿತದ ಹಾಡೊಂದನ್ನು ಕಳಿಸಿ, ಕೆಳಗಿನ ವಿಧವೆ ಟೀಚರ ಟೀವಿಯನ್ನು ಒತ್ತಿಬಿಟ್ಟಿದ್ದಳು. ಪಾದ್ರಿ ಶಿಲುಬೆ ಎತ್ತಿದಾಗ ಹಿಂದಿನಿಂದ ತುತ್ತೂರಿ ಊದಿತು. ಮೆಟ್ಟಿಲೆಲ್ಲ ನಕ್ಕಿತು. ಆದರೂ ಯಾರೂ ತಮ್ಮ ಟೀವಿಗೆ ಬೀಗ ಹಾಕಿಕೊಳ್ಳಲಿಲ್ಲ. ಬೀಗ ಹಾಕಿದರೆ, ಏನೋ ಮುಚ್ಚಿಡ್ತಾಳೆ ಅನ್ನುತ್ತಾರೆ.

ಮೇ ತಿಂಗಳಲ್ಲಿ ಮೊದಲ ಪೆಟ್ಟು ಬಿತ್ತು. ಹಿಂದಿನ ಗೇಟಿನ ಬೀಗ ಸಡಿಲಾಗಿದೆ ಎಂದು ಯಾರೋ ಅಂದರು. ಒಂದು ಬೆಳಗ್ಗೆ ಎಲ್ಲರೂ ಅಲ್ಲಿಗೆ ಹೋಗಿ ಕೂರುವುದೆಂದು ಬಟ್ಟೆಕೋಣೆಯಲ್ಲಿ ತೀರ್ಮಾನವಾಯಿತು. ಆ ಬೆಳಗ್ಗೆಯೇ ಲಾರಿ ಮುಂದಿನ ಗೇಟಿಗೆ ಬಂದು ಇಸ್ತ್ರಿ ಯಂತ್ರಗಳನ್ನಷ್ಟೂ ಹೊತ್ತುಕೊಂಡು ಹೋಯಿತು.

ಒಳಗಿನವರೇ ಯಾರೋ ಬಾಯಿಬಿಟ್ಟಿದ್ದಾರೆ. ಯಾರು?

ಗೇಟಿನ ನಾಯಕಿ ಸಫ್ತಾ. ತೋಳು ಹೊಲಿಯುವವಳು, ತೋಳೂ ಹಾಗೇ ಇತ್ತು, ಒಂದು ಕೊಟ್ಟರೆ ಗಂಡಸು ಗೋಡೆಗೆ ತಾಕುವಂಥದ್ದು. ಅವಳು ಹೊಸ ಕಟ್ಟಳೆ ಹಾಕಿದಳು: ಸಭೆಗೆ ಫೋನು ತರುವಂತಿಲ್ಲ, ಮನೆಯಲ್ಲೇ ಬಿಟ್ಟು ಬರಬೇಕು. ಕಟ್ಟಳೆ ಹಾಕುವಾಗ ನೋಡಿದ್ದು ವೆತುರಿಯಾಳ ಕಡೆಗೆ. ಪ್ರತಿ ಸಭೆಯಲ್ಲೂ ನಡುವೆ ಎದ್ದು ಹೋಗುವವಳು ಅವಳೊಬ್ಬಳೇ. ಗಂಡ ಇಲಾರಿಯೆ ರೈಲಿನಲ್ಲಿ ಬ್ರೇಕು ಹಿಡಿಯುತ್ತಿದ್ದವನು, ಶ್ವಾಸಕೋಶ ಹಾಳಾಗಿ ಮನೆ ಹಿಡಿದಿದ್ದ. ಸಂಜೆಯ ಮದ್ದು ಅವಳೇ ಕೊಡಬೇಕು.

"ಎಲ್ಲಿಗ್ ಹೊರಟೆ, ವೆತುರಿಯಾ?"

"ಇಲಾರಿಯೆಗೆ ಮಾತ್ರೆ."

"ಅವನ ಮಾತ್ರೆಗೂ ನಮ್ ಸಭೆಗೂ ಒಂದೇ ಗಳಿಗೆ ನೋಡು!"

ಹೆಂಗಸರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ವೆತುರಿಯಾ ಎದ್ದಳು. ಬೀಜದ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಬೆನ್ನಿಗೆ ಕಣ್ಣುಗಳು ಗುಂಡುಸೂಜಿಯ ಹಾಗೆ ಚುಚ್ಚಿದವು.

ಬಟ್ಟೆಕೋಣೆಯ ಮೂಲೆಯಲ್ಲಿ ಒಂದು ಕ್ಯಾಮೆರಾ ಇತ್ತು. ಸೈಕಲ್ ಕದಿಯುವವರಿಗೆಂದು ದೊರಿನೆಲ್ ಹಾಕಿದ್ದು. "ಅದ್ರೊಳಗೆ ಏನೂ ಇಲ್ಲ ಕಣ್ರೇ, ಬರೀ ಡಬ್ಬಿ. ನಿಜವಾದದ್ದು ಹಾಕೋಕೆ ನಿಮ್ಮ ಹತ್ರ ಚಂದಾ ಎತ್ತಿದ್ರೆ ನನ್ನ ಸುಟ್ಟುಬಿಡ್ತೀರಿ" ಅಂದಿದ್ದ. ಎಲ್ಲರೂ ನಂಬಿದ್ದರು. ಅವನಿಗೂ ಸಂಬಳ ಬಾಕಿ ಇತ್ತಲ್ಲ, ನಮ್ಮವನೇ ತಾನೆ.

ಸತ್ತವರ ಶನಿವಾರದ ಹಿಂದಿನ ಸಂಜೆ ಸಭೆ ಕೂತಿತು. ಪೆಂತೆಕೊಸ್ತಿಗೆ ಮೊದಲು ಬರುವ ಶನಿವಾರ ಅದು. ಸತ್ತವರ ಹೆಸರಲ್ಲಿ ಮಣ್ಣಿನ ಬಟ್ಟಲಲ್ಲಿ ಪಾಯಸ, ಚೆರಿ ಹಣ್ಣು, ಮೇಲೊಂದು ಮೇಣದಬತ್ತಿ ಇಟ್ಟು ನೆರೆಹೊರೆಗೆ ಹಂಚಿ, ಸಮಾಧಿಗಳ ಹತ್ತಿರ ಹೋಗುವ ದಿನ. ಯಾವ ಹೆಂಗಸೂ ತಪ್ಪಿಸುವುದಿಲ್ಲ. ಹಾಗಾದರೆ ನಾಳೆ ಬೆಳಗ್ಗೆ ಗೇಟಿನಲ್ಲಿ ಕೂರುವವರು ಯಾರು? ಕೂಗಾಟದ ನಡುವೆ ವೆತುರಿಯಾ ಮಾತ್ರೆಗೆಂದು ಎದ್ದು ಹೋದಳು.

ಇಲಾರಿಯೆ ದಿಂಬಿಗೆ ಒರಗಿ ಕೂತಿದ್ದ. "ಫುಟ್‌ಬಾಲ್ ಸಾಕಾಯ್ತು, ಒಂದು ಹಾಡು ಹಾಕೇ" ಅಂದ.

ರಿಮೋಟು ಕೆಟ್ಟು ಎರಡು ವರ್ಷ, ಫೋನೇ ರಿಮೋಟು. ಕಪಾಟಿನ ಮೇಲಿದ್ದ ಫೋನು ಎತ್ತಿ, ಹಾಡು ಹುಡುಕಿ, ತಮ್ಮ ಟೀವಿಗೆ ಕಳಿಸಿದಳು. "ಜೋರು ಮಾಡು" ಅಂದ. ಮೆಟ್ಟಿಲಿನಲ್ಲಿ ಯಾರ ಟೀವಿಗೆ ಏನು ಹೋಗುತ್ತಿದ್ದರೂ ಎಲ್ಲರ ಫೋನಿನಲ್ಲೂ ಒಂದು ಚೀಟಿ ಮೂಡುತ್ತದೆ. ಟೀವಿಯ ಹೆಸರು, ಕೆಳಗೆ ನಿಲ್ಲಿಸುವ ಗುಂಡಿ, ದನಿಯ ಗೆರೆ. ಕನ್ನಡಕವಿಲ್ಲದೆ ಅವಳು ಮೇಲಿನ ಚೀಟಿಯ ಗೆರೆ ಹಿಡಿದು ಬಲಕ್ಕೆ ಎಳೆದಳು.

ಹಾಡು ಜೋರಾಗಲಿಲ್ಲ. ಸೂರಿನಿಂದ ಸಫ್ತಾ ಕಿರುಚಿದಳು.

"...ಹೋದಳು ನೋಡಿ, ಮಾತ್ರೆಯಂತೆ ಮಾತ್ರೆ! ನಾನ್ ಹೇಳ್ತೀನಿ, ಧಣಿಗೆ ಫೋನ್ ಮಾಡೋಕೇ ಹೋಗೋದು ಅವಳು!"

ಇಲಾರಿಯೆ ಸೂರು ನೋಡಿದ. "ಸಫ್ತಾ ಮೇಲೆ ಏನ್ ಮಾಡ್ತಿದಾಳೆ?"

ಸಫ್ತಾ ಮೇಲಿರಲಿಲ್ಲ. ಮೂರು ಮಹಡಿ ಕೆಳಗೆ, ಬಟ್ಟೆಕೋಣೆಯಲ್ಲಿದ್ದಳು. ವೆತುರಿಯಾ ಕನ್ನಡಕ ಹಾಕಿಕೊಂಡು ಚೀಟಿ ಓದಿದಳು. ಎರಡಿದ್ದವು. ಕೆಳಗಿನದು ಅವರ ಹಾಡು. ಮೇಲಿನದು: ದೊರಿನೆಲ್, ಹಜಾರ. ಓಡುತ್ತಿರುವುದು: ಬಟ್ಟೆಕೋಣೆ. ಬರೀ ಡಬ್ಬಿ ಎಂದಿದ್ದ ಕ್ಯಾಮೆರಾ ಬರೀ ಡಬ್ಬಿಯಾಗಿರಲಿಲ್ಲ.

ಅಷ್ಟರಲ್ಲಿ ಮೇಲೆ ಯಾರೋ ಧಡಧಡ ಓಡಿ ದನಿ ಇಳಿಸಿದರು. ಚೀಟಿಯ ಗೆರೆ ತಾನಾಗಿ ಎಡಕ್ಕೆ ಸರಿಯಿತು. ಅವಳ ಕೈಯಲ್ಲಿದ್ದ ಫೋನಿನೊಳಗೆ ಅವನ ಬೆರಳು ಓಡಾಡಿದಂತಾಯಿತು.

ಈಸ್ಟರ್ ಆದಮೇಲೆ ದೊರಿನೆಲ್ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ. ಫೋನಿನಲ್ಲಿ ಏನೂ ಕಾಣದು, ಎಲ್ಲವನ್ನೂ ಟೀವಿಗೆ ಹಾಕಿ ನೋಡುತ್ತೇನೆ ಎಂದು ಅವನೇ ಹೇಳಿಕೊಂಡು ತಿರುಗಿದ್ದ. ಸಭೆ ನಡೆಯುವಾಗ ಹೆಂಗಸರ ಫೋನುಗಳೆಲ್ಲ ಖಾಲಿ ಮನೆಗಳಲ್ಲಿ ಬಿದ್ದಿರುತ್ತಿದ್ದವು. ಗಂಡಸರು ಬಿಯರ್ ಅಂಗಡಿಯಲ್ಲಿ. ಚೀಟಿ ಎಲ್ಲರ ಫೋನಿನಲ್ಲೂ ಮೂಡಿ ತಾನಾಗಿ ಅಳಿಯುತ್ತಿತ್ತು, ನೋಡುವವರಿರಲಿಲ್ಲ. ಸಫ್ತಾಳ ಕಟ್ಟಳೆಯೇ ಅವನಿಗೆ ಕಾವಲಾಗಿತ್ತು. ಲೈನು ನಂದು, ಡಬ್ಬಿ ನನ್ನ ಮನೆಯಲ್ಲಿ ಎಂದು ಹತ್ತು ವರ್ಷ ಮೆರೆದವನಿಗೆ, ಆ ಲೈನಿನಲ್ಲಿ ತಾನೂ ಉಳಿದವರ ಹಾಗೆ ಬೆತ್ತಲೆ ಎಂಬುದು ಹೊಳೆದಿರಲಿಲ್ಲ.

ವೆತುರಿಯಾ ಬಾಗಿಲ ತನಕ ಹೋಗಿ ನಿಂತಳು. ಕೆಳಗೆ ಹೋಗಿ ಕೂಗಿದರೆ ಆ ಕೂಗೂ ಮೇಲೆ ಕೇಳುತ್ತದೆ. ಅವನು ಧಣಿಗೆ ಹೇಳುತ್ತಾನೆ, ಲಾರಿ ಇನ್ನೊಂದು ದಿನ ಬರುತ್ತದೆ, ಯಾವ ದಿನ ಎಂದು ಯಾರಿಗೂ ತಿಳಿಯುವುದಿಲ್ಲ. ಕೂಗದಿದ್ದರೆ? ಅವಳೇ ಕಳ್ಳಿ.

ಅವಳು ಕೆಳಗಿಳಿದು ಬಟ್ಟೆಕೋಣೆಯ ಬಾಗಿಲಲ್ಲಿ ನಿಂತಳು. "ಸಫ್ತಾ, ಇಲಾರಿಯೆ ಮಂಚದಿಂದ ಬಿದ್ಬಿಟ್ಟ. ಎತ್ತೋಕೆ ಬಾ."

"ಬೇರೆ ಯಾರೂ ಸಿಗಲಿಲ್ವಾ ನಿಂಗೆ?"

"ನಿನ್ನಷ್ಟು ದಪ್ಪ ತೋಳು ಯಾರಿಗೂ ಇಲ್ಲ."

ಸಫ್ತಾ ಬೈದುಕೊಂಡೇ ಹತ್ತಿ ಬಂದಳು. ಒಳಗೆ ಇಲಾರಿಯೆ ಮಂಚದ ಮೇಲೆ ನೆಟ್ಟಗೆ ಕೂತು ಪಿಳಿಪಿಳಿ ನೋಡುತ್ತಿದ್ದ. "ಏನೇ ಇದು..." ಎಂದು ಬಾಯಿ ತೆರೆದ ಸಫ್ತಾಳ ತುಟಿಗೆ ವೆತುರಿಯಾ ಅಂಗೈ ಒತ್ತಿದಳು. ಫೋನು ಮುಂದೆ ಹಿಡಿದು, ದನಿಯ ಗೆರೆಯನ್ನು ಒಂದು ಕೂದಲೆಳೆಯಷ್ಟು ಎಳೆದಳು.

ಸೂರಿನಿಂದ ಕೆಳಗಿನ ಹೆಂಗಸರ ಮಾತು ಇಳಿಯಿತು. ಒಬ್ಬಳು ಹೇಳುತ್ತಿದ್ದಳು: "ಸಫ್ತಾ ಹೋದಳಲ್ಲ, ಈಗ ಹೇಳ್ತೀನಿ. ಅವಳು ಗೇಟಿನ ಒಲೇಲಿ ಮಾಡೋ ಸೂಪು ಇದೆಯಲ್ಲ, ಅದು ಕುಡಿದ್ರೆ ಧಣಿನೂ ಬೇಡ, ದೇವರೇ ಕರ್ಕೊಂಡೋಗ್ತಾನೆ." ನಗು. ಆಮೇಲೆ ಇನ್ನೊಂದು ದನಿ: "ಸರಿ, ಹಾಗಾದ್ರೆ ನಾಳೆ ಪೂಜೆ ಆದಮೇಲೆ ಊಟದ ಹೊತ್ತಿನವರೆಗೂ ಗೇಟಲ್ಲಿ ಮುದುಕಿಯರಿಬ್ರೇ. ಎಲ್ಲಾ ಸ್ಮಶಾನಕ್ಕೆ."

ಸಫ್ತಾಳ ಮುಖ ಮೊದಲು ಸೂಪಿಗೆ ಕೆಂಪಾಯಿತು, ಆಮೇಲೆ ಅರ್ಥವಾಗಿ ಬಿಳಿಚಿಕೊಂಡಿತು. ಚೀಟಿ ಓದಿದಳು. ಇನ್ನೊಮ್ಮೆ ಓದಿದಳು. ತೋಳು ಮಡಚಿ ಬಾಗಿಲ ಕಡೆ ತಿರುಗಿದಳು.

"ಹತ್ತಿ ಹೋಗಿ ಆ ಹೊಸ ಕಣ್ಣು ಕಿತ್ತು ಕೈಗೆ ಕೊಡ್ತೀನಿ."

ವೆತುರಿಯಾ ಅಡ್ಡ ನಿಂತಳು. "ಕಿತ್ರೆ ಲಾರಿ ಬರಲ್ಲ."

"ಬರದಿದ್ರೆ ಒಳ್ಳೇದಲ್ವೇನೇ?"

"ನಾಳೆ ಬರಲ್ಲ. ಆಮೇಲೆ ಯಾವತ್ತೋ ಬರುತ್ತೆ. ನಾಳೆ ಬಂದ್ರೆ, ನಾಳೆ ಅಂತ ನಮಗೆ ಗೊತ್ತು."

ಅಷ್ಟು ಉದ್ದದ ಮಾತನ್ನು ಸಫ್ತಾ ಅವಳ ಬಾಯಲ್ಲಿ ಕೇಳಿರಲಿಲ್ಲ. ಕೂತಳು. ಇಲಾರಿಯೆ ಅಂದ: "ಲಾರಿ ಒಳಗೆ ಬರಲಿ. ಯಂತ್ರ ಏರಿಸೋಕೆ ಶುರು ಮಾಡಲಿ. ಆಮೇಲೆ ಗೇಟು ಮುಚ್ಚಿ ಕೂತ್ಕೊಳ್ಳಿ. ಕಳ್ಳನ್ನ ಹೊಸ್ತಿಲ ಆಚೆ ಹಿಡಿದ್ರೆ ಭಿಕಾರಿ ಅಂತಾನೆ, ಒಳಗೆ ಹಿಡೀಬೇಕು."

ಸ್ಮಶಾನದ ಗೋಡೆ ಕಾರ್ಖಾನೆಯ ಗೋಡೆಗೆ ತಾಗಿಕೊಂಡೇ ಇದೆ. ಹೆಂಗಸರು ಅಲ್ಲಿರುತ್ತಾರೆ. ಆದರೆ ಗೇಟಿನ ಮೇಲೆ ಕಾರ್ಖಾನೆಯದೇ ಕ್ಯಾಮೆರಾ ಇದೆ, ಕೂರಿಸಿದವನೂ ದೊರಿನೆಲ್. ನಾಳೆ ಅವನು ಅದನ್ನೇ ಟೀವಿಗೆ ಹಾಕಿಕೊಂಡು ಕೂರುತ್ತಾನೆ. ಗೋಡೆಯಿಂದ ಗೇಟಿಗೆ ಬರುವ ಆ ಒಂದಿಷ್ಟು ದಾರಿಯಲ್ಲಿ ಅವರು ಕಂಡುಬಿಟ್ಟರೆ ಒಂದು ಫೋನು ಸಾಕು, ಲಾರಿಗಳು ಹೊರಗೆ ಹಾರುತ್ತವೆ.

"ಯಾರಾದ್ರೂ ಇಲ್ಲೇ ಇರ್ಬೇಕು" ಅಂದಳು ಸಫ್ತಾ. "ನಾವು ಹೊರಡೋವಾಗ ಸ್ಮಶಾನದ ಚರ್ಚಿನ ಗಂಟೆ ಬಾರಿಸ್ತೀವಿ. ಸತ್ತೋರ ದಿನ ಗಂಟೆ ಹೊಡೆದ್ರೆ ಯಾರ್ ಕೇಳ್ತಾರೆ? ಆವಾಗ ನೀನು ಅವನ ಟೀವಿ ಕುರುಡು ಮಾಡು."

ಇಷ್ಟನ್ನೂ ಉಳಿದವರಿಗೆ ತಿಳಿಸುವುದು ಹೇಗೆ? ಬಟ್ಟೆಕೋಣೆಯಲ್ಲಿ ಆಗದು. ಫೋನಿನ ಗುಂಪಿನಲ್ಲಿ ದೊರಿನೆಲ್‌ನ ಹೆಂಡತಿಯೂ ಇದ್ದಾಳೆ. ವೆತುರಿಯಾ ಒಲೆಯ ಮೇಲಿದ್ದ ಪಾಯಸದ ಪಾತ್ರೆ ನೋಡಿದಳು, ನಾಳೆಗೆಂದು ಮಾಡಿಟ್ಟದ್ದು. ಬಟ್ಟಲುಗಳು ಮೇಜಿನ ಮೇಲೆ ಸಾಲಾಗಿದ್ದವು.

ಆ ಸಂಜೆಯೇ ಸತ್ತವರ ಬಟ್ಟಲುಗಳು ಹೊರಟವು. ಬಾಗಿಲು ತಟ್ಟುವುದು, "ಅಪ್ಪನ ಆತ್ಮಕ್ಕೆ" ಎಂದು ಬಟ್ಟಲು ನೀಡುವುದು, ಇಸಿದುಕೊಂಡವಳು "ಬೊಗ್ದಾಪ್ರೋಸ್ತೆ" ಎಂದು ಹರಸುವಷ್ಟರಲ್ಲಿ ಬಾಗಿ ಎರಡು ಮಾತು ಕಿವಿಗೆ ಹಾಕುವುದು. ಅವಳು ತನ್ನ ಬಟ್ಟಲು ಹಿಡಿದು ಮುಂದಿನ ಮನೆಗೆ. "ಇವತ್ತೇ ಯಾಕೆ?" ಎಂದವರಿಗೆ ಸಫ್ತಾ, "ಈ ವರ್ಷ ಸತ್ತೋರಿಗೂ ಸಂಬಳ ಬಂದಿಲ್ಲ, ಹಸಿವು ಮುಂಚೆ ಆಗಿದೆ" ಅನ್ನುತ್ತಿದ್ದಳು. ಬೀದಿಯಿಂದ ಬೀದಿಗೆ ಪಾಯಸದ ಜೊತೆ ಮಾತು ಹೋಯಿತು.

ಒಂದು ಬಾಗಿಲು ಉಳಿದಿತ್ತು. ಮೆಟ್ಟಿಲೆಲ್ಲ ಕೊಟ್ಟು ಕುಮಾತ್ರುವಿನ ಮನೆ ಬಿಟ್ಟರೆ ಅದೇ ಒಂದು ಡಂಗುರ. ವೆತುರಿಯಾ ಬಟ್ಟಲು ಹಿಡಿದು ನಾಲ್ಕನೇ ಮಹಡಿ ಹತ್ತಿದಳು.

ಬಾಗಿಲು ತೆರೆದವನು ಅವನೇ. ಮೈಮೇಲೆ ನೀಲಿ ಅಂಗಿ. ಅದರ ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ, ಹೋದ ಚಳಿಗಾಲದಲ್ಲಿ ಅವಳೇ ಹೊಲಿದುಕೊಟ್ಟಿದ್ದಳು. ಅವನ ಹೆಗಲಾಚೆ ಹಜಾರದ ಟೀವಿ ಕಪ್ಪಗಿತ್ತು.

"ಅಮ್ಮನ ಆತ್ಮಕ್ಕೆ" ಅಂದಳು.

"ಬೊಗ್ದಾಪ್ರೋಸ್ತೆ, ಕುಮಾತ್ರಾ." ಬಟ್ಟಲು ಇಸಿದುಕೊಂಡವನು ಒಳಗೆ ಹೋಗಲಿಲ್ಲ. "ನಾಳೆ ಅಲ್ವಾ ಹಬ್ಬ?"

"ನಾಳೆ ಸ್ಮಶಾನದಲ್ಲಿ ಇರ್ತೀವಿ. ಈ ಮೊಣಕಾಲಲ್ಲಿ ಎರಡೆರಡು ಸಲ ಹತ್ತಿ ಇಳಿಯೋಕಾಗಲ್ಲ."

"ಎಲ್ಲಾರೂನಾ?"

"ಸತ್ತೋರು ಎಲ್ಲಾರ ಮನೇಲೂ ಇದಾರಲ್ಲ, ಕುಮಾತ್ರು."

ಅವನು ತಲೆಯಾಡಿಸಿದ. ಹೊಸ ಕಣ್ಣು ಅವಳ ಮುಖದ ಮೇಲೆ ಸ್ವಲ್ಪ ಹೆಚ್ಚೇ ನಿಂತಿತು. "ನನ್ನ ಟೀವಿ ಹುಚ್ಚು ಹಿಡಿದ ಹಾಗೆ ಆಡ್ತಿದೆ. ತಾನೇ ಕಿರುಚುತ್ತೆ, ತಾನೇ ಸುಮ್ಮನಾಗುತ್ತೆ. ನಿಮ್ಮದು?"

"ನಂದು ಹಳೇದು. ಕಿರುಚೋ ಶಕ್ತಿ ಇಲ್ಲ" ಅಂದಳು. ಕೈ ಚಾಚಿ, ಒಂದು ಬದಿಗೆ ಎದ್ದಿದ್ದ ಅವನ ಕಾಲರನ್ನು ಒತ್ತಿ ಕೂರಿಸಿದಳು. ಚಾಳಿ. ಅವನು ನಕ್ಕ. ಬಾಗಿಲು ಮುಚ್ಚಿತು. ಮೂರನೇ ಮಹಡಿಗೆ ಇಳಿಯುವಷ್ಟರಲ್ಲಿ ಅವಳ ರವಿಕೆ ಬೆನ್ನಿಗೆ ಅಂಟಿತ್ತು.

ಶನಿವಾರ ಬೆಳಗ್ಗೆ ಮೆಟ್ಟಿಲು ಖಾಲಿಯಾಯಿತು. ಹೂವು, ಬತ್ತಿ, ಬುಟ್ಟಿ ಹಿಡಿದು ಹೆಂಗಸರೆಲ್ಲ ಸ್ಮಶಾನಕ್ಕೆ ಹೋದರು. ವೆತುರಿಯಾ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು, ಫೋನು ಮೊಣಕಾಲ ಮೇಲೆ, ಕಿವಿ ಗೋಡೆಯ ಬಿಸಿನೀರ ಕೊಳವೆಗೆ. ಆ ಕೊಳವೆಯಲ್ಲಿ ಮೇಲಿನವರ ಕೆಮ್ಮೂ ಕೇಳುತ್ತದೆ. ಇಲಾರಿಯೆ ಬಾಗಿಲಿಗೆ ಚಿಲಕ ಹಾಕಿ, ಕುರ್ಚಿ ಎಳೆದುಕೊಂಡು ಅದಕ್ಕೇ ಒರಗಿ ಕೂತ.

ಚೀಟಿ ಮೂಡಿತು. ದೊರಿನೆಲ್, ಹಜಾರ. ಓಡುತ್ತಿರುವುದು: ಗೇಟು.

ಕೊಳವೆಯಲ್ಲಿ ಅವನ ದನಿ: "ಹೌದು... ಇಬ್ಬರೇ. ಮುದುಕಿಯರು. ಚೆರಿ ತಿಂತಾ ಕೂತಿದಾವೆ... ಬನ್ನಿ."

ಬೆರಳು ಗುಂಡಿಯ ಮೇಲೆ ತವಕಿಸಿತು. ಒತ್ತಬಾರದು, ಇನ್ನೂ ಒತ್ತಬಾರದು. ಈಗಲೇ ಕತ್ತಲಾದರೆ ಅವನಿಗೆ ಅನುಮಾನ ಬರುತ್ತದೆ, ಲಾರಿ ದಾರಿಯಲ್ಲೇ ತಿರುಗುತ್ತದೆ. ಆಚೆ ರಸ್ತೆಯಲ್ಲಿ ಭಾರದ ಗಾಡಿಗಳ ಸದ್ದು ಹತ್ತಿರವಾಗಿ, ತಿರುವಿನಲ್ಲಿ ಗೇರು ಬದಲಿಸಿ, ಕಾರ್ಖಾನೆಯ ಕಡೆ ಇಳಿಯಿತು. ಕೊಳವೆಯಲ್ಲಿ ಸಿಗರೇಟಿನ ಕೆಮ್ಮು. ಇಲಾರಿಯೆ ಉಸಿರು ಸೀಟಿಯಂತೆ ಎಳೆಯುತ್ತಿದ್ದ. ಗಂಟೆ ಇಲ್ಲ. ಯಾಕೆ ಇಲ್ಲ? ಸಫ್ತಾ ಮರೆತಳೇ? ಹಗ್ಗ ಹರಿಯಿತೇ? ಬಟ್ಟಲಿನ ಮಾತು ಯಾರಾದರೂ ತಪ್ಪು ಬಾಗಿಲಿಗೆ ಮುಟ್ಟಿಸಿದರೇ?

ಢಣ್ ಎಂದಿತು.

ಒತ್ತಿದಳು. ಚೀಟಿ ಮಾಯ. ಮೇಲೆ, "ನಿನ್ನ ತಾಯಿನ..." ಎಂಬ ಬೈಗುಳ, ಸೋಫಾದ ಸ್ಪ್ರಿಂಗು. ಚೀಟಿ ಮತ್ತೆ ಮೂಡಿತು. ಒತ್ತಿದಳು. ಹೆಜ್ಜೆ ಟೀವಿಯ ಹತ್ತಿರ ಹೋಯಿತು, ಏನನ್ನೋ ಕುಟ್ಟಿತು, ವಾಪಸು ಬಂತು. ಮತ್ತೆ ಚೀಟಿ. ಒತ್ತಿದಳು. ಮೂಡುವುದಕ್ಕೆ ಬಿಡದೆ ಒತ್ತಿದಳು. ಮೂವತ್ತು ವರ್ಷ ಸೂಜಿಯ ಕೆಳಗೆ ಬೆರಳು ಸರಿಸಿದವಳ ಬೆರಳು ಅದು. ಅವನು ಹಚ್ಚಿದ, ಇವಳು ಆರಿಸಿದಳು.

ಆಮೇಲೆ ಚೀಟಿ ಬರಲಿಲ್ಲ. ಮೇಲೆ ಸದ್ದಿಲ್ಲ. ಮೇಲಿನ ಬಾಗಿಲು ತೆರೆಯಿತು. ಚಪ್ಪಲಿ ಮೆಟ್ಟಿಲಿಳಿಯಿತು.

ಬಾಗಿಲಿಗೆ ಮುಷ್ಟಿ ಬಿತ್ತು. "ಕುಮಾತ್ರಾ! ತೆಗಿ! ನೀನೇ ಅಂತ ಗೊತ್ತು. ಸ್ಮಶಾನಕ್ಕೆ ಹೋಗಿಲ್ಲ ನೀನು!"

ಅವನ ಕೈಯಲ್ಲಿ ಫೋನಿರುತ್ತದೆ. ಒಂ‍ದು ಕರೆ ಮಾಡಿದರೆ ಮುಗಿಯಿತು. ಮಾಡದಂತೆ ನಿಲ್ಲಿಸಬೇಕು. ಇಲ್ಲಿ ಒತ್ತುವುದಕ್ಕೆ ಗುಂಡಿ ಇಲ್ಲ, ಬಾಯಿ ಮಾತ್ರ ಇದೆ. ವೆತುರಿಯಾ ಗಂಡನನ್ನು ಕುರ್ಚಿ ಸಮೇತ ಬದಿಗೆ ಸರಿಸಿ, ಚಿಲಕ ತೆಗೆದು, ಬಾಗಿಲು ತುಂಬಾ ನಿಂತಳು.

"ನಾನೇ" ಅಂದಳು. "ಕೇಳು ಈಗ. ನಿನ್ನ ಹೆಂಡತಿ ಹೆರಿಗೆಗೆ ಹೋದಾಗ ನಿನ್ನ ಮನೆ ಒಲೆ ಹಚ್ಚಿದೋಳು ಯಾರು? ಬಾಯ್ಬಿಡಬೇಡ, ನಾನ್ ಮಾತಾಡ್ತಿದೀನಿ. ನಿನ್ನ ಅಂಗಿ ಕಾಲರು ತಿರುಗಿಸಿದೋಳು ಯಾರು? ಕಾಸು ಕೇಳಿದ್ನಾ? ನನ್ನ ಮಗಳನ್ನ ಎತ್ಕೊಂಡು ಪಾದ್ರಿ ಮುಂದೆ ಸೈತಾನನ್ನ ಬಿಟ್ಟೆ ಅಂತ ಮೂರು ಸಲ ಉಗುಳಿದೆಯಲ್ಲ, ಆ ಉಗುಳು ಒಣಗೋ ಮುಂಚೆ ಅದೇ ಸೈತಾನನಿಗೋಸ್ಕರ ಟೀವಿ ಮುಂದೆ ಹೋಗಿ ಕೂತ್ಯಾ?"

"ಧಣಿ ನನಗೂ ಕೊಡಬೇಕು!" ದೊರಿನೆಲ್ ಕೂಗಿದ. "ಯಂತ್ರ ಆಚೆ ಹೋದ ದಿನ ನಿಂದು ಮೊದಲು ಕೊಡ್ತೀನಿ ಅಂದಿದಾನೆ. ಕಣ್ಣಿನ ಆಸ್ಪತ್ರೆ ಬಿಲ್ಲು ಸತ್ತೋರು ಕಟ್ತಾರಾ?"

"ಸಫ್ತಾಗೆ ಕಣ್ಣಿಲ್ವಾ? ನನಗೆ ಬಿಲ್ಲಿಲ್ವಾ? ಇವನ ಎದೆ ಕೇಳು, ಇವನ ಸೀಟಿ ಕೇಳು. ನಮ್ಮೆಲ್ಲರ ಐದು ತಿಂಗಳು ಮಾರಿ ನಿನ್ನೊಬ್ಬನ ಐದು ತಿಂಗಳು ತಗೋತೀಯಾ? ಕೊಡ್ತಾನೆ ಅಂದ್ಕೊಂಡಿದೀಯಾ? ಬರೋ ವಾರ ಅಂತಾನೆ, ಪೆದ್ದ, ಬರೋ ವಾರ!"

ಆ ಮಾತು ತಾಗಿತು. ಅಷ್ಟರಲ್ಲಿ ಹೊರಗೆ ಲಾರಿಯ ಹಾರನ್ನು ಕೂಗಿತು. ಮತ್ತೊಂದು ಕೂಗಿತು. ಬಿಡದೆ ಕೂಗುತ್ತಲೇ ಇದ್ದವು, ಕಟ್ಟಿಹಾಕಿದ ದನದ ಹಾಗೆ. ಇಲಾರಿಯೆ ಕುರ್ಚಿಯಿಂದಲೇ ಅಂದ: "ಗೇಟು ಮುಚ್ಚಿದ್ರು ಕಣೇ."

ದೊರಿನೆಲ್ ಕೈಯಲ್ಲಿದ್ದ ಫೋನು ನೋಡಿದ. ಅದು ಬಡಿದುಕೊಳ್ಳುತ್ತಿತ್ತು, ಧಣಿಯ ಹೆಸರು. ಅವನು ಎತ್ತಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟ.

ಲಾರಿಗಳ ಹಿಂದೆ ನೆಲದ ಮೇಲೆ ಹೆಂಗಸರು ಕೂತಿದ್ದರು, ಕೈಯಲ್ಲಿ ಸತ್ತವರ ಬತ್ತಿ. ಪೊಲೀಸರು ಬಂದರು, ಬರೆದುಕೊಂಡರು, ಯಂತ್ರಗಳನ್ನು ಇಳಿಸಿ ಬಾಗಿಲಿಗೆ ಮೊಹರು ಒತ್ತಿದರು. ಸಂಜೆ ಸಫ್ತಾ ವೆತುರಿಯಾಳ ಮನೆಗೆ ಒಂದು ಪಾತ್ರೆ ಸೂಪು ತಂದಳು. "ಬೈದದ್ದು ಬೈದಾಯ್ತು. ವಾಪಸ್ ತಗೊಳ್ಳೋ ಅಂಗಡಿ ಇಲ್ಲ. ಇದನ್ನ ಕುಡಿ." ವೆತುರಿಯಾ ಕುಡಿದಳು. ನಿಜಕ್ಕೂ ಕೆಟ್ಟದಾಗಿತ್ತು.

ದೊರಿನೆಲ್ ಈಗಲೂ ಮೇಲ್ವಿಚಾರಕನೇ, ಮೀಟರು ಓದಲು ಇನ್ನೊಬ್ಬರು ಸಿಗಲಿಲ್ಲ. ಬಟ್ಟೆಕೋಣೆಯ ಕ್ಯಾಮೆರಾವನ್ನು ಸಫ್ತಾ ಉಪ್ಪಿನಕಾಯಿ ಪೀಪಾಯಿಯಲ್ಲಿ ಮುಳುಗಿಸಿದಳು. ಅವನಿಗೆ ಗೇಟಿನಲ್ಲಿ ಬೆಳಗಿನ ಚಳಿಯ ಪಾಳಿ ಕೊಟ್ಟಿದ್ದಾರೆ, ಬಾಯಿ ಮುಚ್ಚಿಕೊಂಡು ಕೂರುತ್ತಾನೆ. ಯಾರೂ ಅವನನ್ನು ಕ್ಷಮಿಸಿಲ್ಲ, ಚಹಾ ಮಾತ್ರ ಕೊಡುತ್ತಾರೆ. ಬೋರ್ಡಿನ ಮೇಲೆ ಅದೇ ಗುಪ್ತಪದ ಇದೆ. ಸಿಟ್ಟು ಬಂದ ದಿನ ವೆತುರಿಯಾ ಅವನ ಟೀವಿಯ ಪಂದ್ಯವನ್ನು ಗೋಲು ಬೀಳುವ ಹೊತ್ತಿಗೆ ನಿಲ್ಲಿಸುತ್ತಾಳೆ. ಅವನು ಕೇಳಲು ಇಳಿದು ಬರುವುದಿಲ್ಲ.

ಕೋರ್ಟು ದಿನ ಮುಂದೂಡುತ್ತಿದೆ. ಮೊಹರಿನ ಹಿಂದೆ ಯಂತ್ರಗಳು ತುಕ್ಕು ಹಿಡಿಯುತ್ತಿವೆ. ಧಣಿ ಬೇರೆ ಊರಲ್ಲಿ, ಬೇರೆ ಹೆಸರಲ್ಲಿ, ಬೇರೆ ಹೆಂಗಸರ ಕೈಯಲ್ಲಿ ಜಾಕೆಟ್ಟು ಹೊಲಿಸುತ್ತಿದ್ದಾನೆ. ಅವರಿಗೂ ಬರೋ ವಾರ ಅನ್ನುತ್ತಿದ್ದಾನೆ. ವೆತುರಿಯಾಳ ಐದು ತಿಂಗಳು ಹಾಗೇ ಇದೆ.

ಈಗ ನೀವು. ನಿಮ್ಮ ಕೊರಳಿಗೆ ಕೈ ಹಾಕಿ. ಕಾಲರು ಎತ್ತಿ, ಒಳಗಡೆಯ ಹೊಲಿಗೆ ಬೆರಳಿಂದ ಮುಟ್ಟಿ ನೋಡಿ. ಅದನ್ನು ಯಾರೋ ಬಾಯಲ್ಲಿ ಸೂಜಿ ಕಚ್ಚಿಕೊಂಡು ಹೊಲಿದಿದ್ದಾರೆ. ಕೊಂಡ ಅಂಗಡಿಗೆ ಹೋಗಿ, ಗಲ್ಲೆಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಕೇಳಿ: ಇದನ್ನು ಹೊಲಿದವಳಿಗೆ ಕೊಡಬೇಕಾದ್ದು ಕೊಟ್ಟಿದ್ದೀರಾ? ಗೊತ್ತಿಲ್ಲ ಎಂದರೆ ತಿಳಿದುಕೊಂಡು ಬನ್ನಿ ಅನ್ನಿ. ಉತ್ತರ ಬರುವವರೆಗೆ ಆ ಗಲ್ಲೆ ಬಿಟ್ಟು ಕದಲಬೇಡಿ.